ಮಾಳಿಗೆ ಮೇಲಿಂದ ಕಂಡಷ್ಟು

ರಾತ್ರಿ ಹತ್ತೂವರೆ. ಕಲಬುರಗಿಯ ಮೇ ತಿಂಗಳು. ಮಾಳಿಗೆಗೆ ಎರಡು ಕೊಡ ನೀರು ಸುರಿದರೂ ಶಹಾಬಾದ್ ಕಲ್ಲು ಇನ್ನೂ ಬಿಸಿ ಉಗುಳುತ್ತಿದೆ. ಚಾಪೆ ಹಾಸಿದರೂ ಬೆನ್ನು ಸುಡುತ್ತದೆ. "ಮಳಿ ಬರ್ತದೇನು ನೋಡು" ಅಂದಳು ಅವ್ವ. ಮೊಬೈಲಿನಲ್ಲಿ ಇನ್ಸಾಟ್ ಉಪಗ್ರಹದ ಇನ್‌ಫ್ರಾರೆಡ್ ಚಿತ್ರ, ಅಂದರೆ ಶಾಖದ ಕಿರಣದಿಂದ ತೆಗೆದದ್ದು, ತೆರೆದೆ. ಬೀದರ್ ಕಡೆ ಒಂದು ಬಿಳಿ ಚುಕ್ಕೆ, ಮೋಡ.

ಈ ಕಲ್ಲಿನ ಶಾಖ ಒಂದಿಷ್ಟು ಸುಮಾರು 36,000 ಕಿ.ಮೀ. ಮೇಲಿರುವ ಉಪಗ್ರಹಕ್ಕೂ ಮುಟ್ಟುತ್ತದೆ. ಅಲ್ಲಿ ಸಿಗುವುದು ಕಿರಣ ಮಾತ್ರ, ಥರ್ಮಾಮೀಟರ್ ಏನಿಲ್ಲ. 10.8 ಮೈಕ್ರಾನ್ ತರಂಗಾಂತರದ ಹತ್ತಿರ ನೋಡಿದರೆ ನೆಲ, 6.8ರ ಹತ್ತಿರ ಮೇಲಿನ ಗಾಳಿಯ ತೇವ. ದಟ್ಟ ಮೋಡ ಬಂದರೆ ಅದರ ನೆತ್ತಿ, ಅಷ್ಟೇ. ನಮ್ಮ ಓಣಿಯಲ್ಲಿ ಮದುವೆ ಶಾಮಿಯಾನ ಹಾಕಿದ್ದಾರೆ. ಇಲ್ಲಿಂದ ನನಗೂ ಬಟ್ಟೆ ಮಾತ್ರ ಕಾಣ್ತದೆ, ಊಟಕ್ಕೆ ಯಾರು ಕೂತಿದ್ದಾರೋ!

ಕಂಪ್ಯೂಟರಿನಲ್ಲಿ ಗಾಳಿ-ಮೋಡದ ಲೆಕ್ಕ ಹಾಕುವ ಹವಾಮಾನ ಮಾಡೆಲ್‌ದು ಉಲ್ಟಾ. ಶಾಮಿಯಾನದ ಒಳಗಿನದ್ದೆಲ್ಲ ಅದರ ಬಳಿ ಇದೆ. ಪದರ ಪದರಕ್ಕೂ ಉಷ್ಣತೆ, ತೇವ, ಮೋಡ. ಎರಡನ್ನೂ ಹಾಗೇ ಹೋಲಿಸಿದರೆ ಮೋಸ. ಅದಕ್ಕೇ ಮಾಡೆಲ್ ಒಳಗೊಂದು ಸುಳ್ಳು ಉಪಗ್ರಹ ಕೂರಿಸುತ್ತಾರೆ, ಸಿಮ್ಯುಲೇಟರ್ ಅಂತ. 'ನಿನ್ನ ಗಾಳಿ ಹೀಗಿದ್ದರೆ ಮೇಲಿಂದ ಏನು ಕಾಣ್ತಿತ್ತು?' ಅಂತ ಲೆಕ್ಕ ಹಾಕಿ, ಆಮೇಲೆ ಅಸಲಿಯ ಜೊತೆ ತಾಳೆ ನೋಡುತ್ತಾರೆ. ನನಗೆ ಇಷ್ಟವಾಗಿದ್ದು ಕಳ್ಳ ಸಿಕ್ಕಿಬೀಳುವ ರೀತಿ. ಹೊರಹೋಗುವ ಒಟ್ಟು ಶಾಖ ಸರಿ ಬಂದರೂ, ತೇವದ ತಪ್ಪು ಮೋಡದ ತಪ್ಪನ್ನು ಮುಚ್ಚಿರಬಹುದು. ಒಂದೊಂದು ತರಂಗಾಂತರವನ್ನೂ ಬಿಡಿಸಿ ನೋಡಿದರೆ ಎರಡೂ ತಪ್ಪು ಬಯಲಾಗಬಹುದು.

ಬಿಳಿ ಚುಕ್ಕೆ ತೆಲಂಗಾಣದ ಕಡೆ ಜಾರಿತು. "ಹೋಗ್ಲಿ ಬಿಡು, ಇನ್ನೊಂದು ಕೊಡ ತಾ" ಅಂದಳು ಅವ್ವ.