ಹಂದಿಯ ಹೆಗಲಿಗೆ ಹೊಗೆ: ಏಳನೇ ಸಲದ ಟಿಪ್ಪಣಿ

ನಿನ್ನೆ ಏಳನೇ ಸಲ. ಬೆಳಿಗ್ಗೆ 5 ಗಂಟೆಗೆ ಇದ್ದಿಲು ಹೊತ್ತಿಸಿದೆ, ಸಂಜೆ 6ರ ಮೇಲೆ ಮಾಂಸ ಇಳಿಸಿದೆ. 8 ಪೌಂಡಿನ ಹಂದಿಯ ಹೆಗಲು, ಮೂಳೆ ಸಮೇತ. ನನಗೆ ಬೇಕಾಗಿದ್ದ ರುಚಿ ಇದೇ ಅನ್ನಿಸಿದ್ದು ಇದೇ ಮೊದಲು. ಮರೆಯುವ ಮುಂಚೆ ಬರೆದಿಡುತ್ತಿದ್ದೇನೆ.

ನಾವಿರುವುದು ಟೆಕ್ಸಾಸಿನ ಆಸ್ಟಿನ್‌ನಲ್ಲಿ. ಈ ಕಡೆ ಬಾರ್ಬೆಕ್ಯೂ ಅಂದರೆ ಮೊದಲು ಬ್ರಿಸ್ಕೆಟ್, ದನದ ಎದೆಮಾಂಸ. ಉಪ್ಪು, ಕರಿಮೆಣಸು, ಪೋಸ್ಟ್ ಓಕ್ ಸೌದೆ, ಹೆಚ್ಚಿನವರಿಗೆ ಅಷ್ಟೇ ಸಾಕು. ನಾನು ಕೊಡಗಿನವನು, ಕೈ ಹಂದಿಯ ಕಡೆಗೇ ಹೋಗುತ್ತದೆ. ಇರುವುದು 22 ಇಂಚಿನ ಗುಂಡು ಗ್ರಿಲ್. ಅದರ ಅಂಚಿನ ಸುತ್ತ ಇದ್ದಿಲುಂಡೆಗಳನ್ನು ಹಾವಿನ ಹಾಗೆ ಜೋಡಿಸಿ ಒಂದು ತುದಿಗೆ ಬೆಂಕಿ ಕೊಡುತ್ತೇನೆ. ಬೆಂಕಿ ಗಂಟೆಗಟ್ಟಲೆ ತೆವಳುತ್ತದೆ, ಶಾಖ 225ರಿಂದ 250 ಡಿಗ್ರಿ ಫ್ಯಾರನ್‌ಹೀಟ್ ನಡುವೆ ನಿಲ್ಲುತ್ತದೆ.

ಮೊದಲ ಎರಡು ಸಲ ಮೆಸ್ಕೀಟ್ ಮರ ಹಾಕಿದ್ದೆ. ಹೊಗೆ ಜಾಸ್ತಿಯಾದಷ್ಟೂ ರುಚಿ ಜಾಸ್ತಿ ಅಂದುಕೊಂಡಿದ್ದೆ. ಗಂಟೆಗಟ್ಟಲೆ ದಟ್ಟ ಬಿಳಿ ಹೊಗೆ ಬಂತು, ಮಾಂಸ ಕಹಿಯಾಯಿತು. ಬಿಳಿ ಹೊಗೆ ಅಂದರೆ ಸೌದೆ ಸರಿಯಾಗಿ ಉರಿಯುತ್ತಿಲ್ಲ ಎಂದರ್ಥ. ಒಳ್ಳೆಯ ಹೊಗೆ ತೆಳ್ಳಗೆ, ತುಸು ನೀಲಿಯಾಗಿ, ಕಂಡೂ ಕಾಣದ ಹಾಗೆ ಇರುತ್ತದೆ. ಈಗ ಮೇಲಿನ ಗಾಳಿಕಿಂಡಿ ಪೂರ್ತಿ ತೆರೆದಿರುತ್ತದೆ, ಶಾಖದ ಲೆಕ್ಕವೆಲ್ಲ ಕೆಳಗಿನ ಕಿಂಡಿಯಲ್ಲಿ.

ಮೂರನೇ ಸಲದಿಂದ ಒಂದು ನಿಯಮ: ಒಮ್ಮೆಗೆ ಒಂದನ್ನೇ ಬದಲಿಸುವುದು. ಆ ಸಲ ಬದಲಿಸಿದ್ದು ಮರ ಮಾತ್ರ. ಪೆಕಾನ್ ಹಾಕಿದೆ, ಹೊಗೆ ಎಷ್ಟೋ ಮೆತ್ತಗಾಯಿತು.

ನಾಲ್ಕನೇ ಸಲ ಮಾಂಸದ ಒಳಶಾಖ 160 ಡಿಗ್ರಿಗೆ ಬಂದು ನಾಲ್ಕು ಗಂಟೆ ಕದಲಲಿಲ್ಲ. ಮಣ್ಣಿನ ಮಡಕೆ ಬೆವರಿ ನೀರು ತಣ್ಣಗಾಗುತ್ತದೆ ಅಲ್ವಾ, ಇದೂ ಅದೇ. ಮಾಂಸದ ತೇವ ಆವಿಯಾಗುತ್ತಾ ತಂಪು ಮಾಡುತ್ತಿರುತ್ತದೆ. ಆಗ ಗೊತ್ತಿರಲಿಲ್ಲ. ಗಾಬರಿಯಾಗಿ ಇದ್ದಿಲು ಸುರಿದೆ, ಹೊರಗೆಲ್ಲ ಸೀದುಹೋಯಿತು. ಐದನೇ ಸಲ ಅದೇ ಹಂತದಲ್ಲಿ ಅಲ್ಯೂಮಿನಿಯಂ ಫಾಯಿಲ್ ಸುತ್ತಿದೆ. ಬೇಗ ಬೆಂತು, ಆದರೆ ಮೇಲಿನ ಕಪ್ಪು ಹೊರಪದರ ನೆಂದು ಸಾರಿನ ಮಾಂಸದ ಹಾಗಾಯಿತು. ಆರನೇ ಸಲ ಕಂದು ಕಾಗದ. ಅದು ಪರವಾಗಿಲ್ಲ, ಮನೆಯವಳಿಗೆ ಅದೇ ಇಷ್ಟ.

ನನಗೆ ಆ ಹೊರಪದರ ಗರಿಗರಿಯಾಗಿಯೇ ಬೇಕು. ಅದಕ್ಕೇ ನಿನ್ನೆ ಏನೂ ಸುತ್ತಲಿಲ್ಲ. ಮಧ್ಯಾಹ್ನ ಹಾವಿನ ಬಾಲಕ್ಕೆ ಒಂದಿಷ್ಟು ಇದ್ದಿಲು ಸೇರಿಸಿ ಸುಮ್ನೆ ಕೂತೆ. 203 ಡಿಗ್ರಿಗೆ ಕಡ್ಡಿ ಚುಚ್ಚಿದರೆ ತಡೆಯೇ ಇಲ್ಲ. ಒಂದು ಗಂಟೆ ಹಾಗೇ ಬಿಟ್ಟೆ. ಎಳೆದರೆ ಮೂಳೆ ತಾನಾಗಿ ಕಳಚಿ ಬಂತು.

ಮಸಾಲೆ ಆರನೇ ಸಲದ್ದೇ. ಅಂಗಡಿಯ ಪುಡಿ ನಮಗೆ ತುಂಬಾ ಸಿಹಿ. ಉಪ್ಪು, ಕರಿಮೆಣಸು, ಹುರಿದ ಜೀರಿಗೆ, ಕೊತ್ತಂಬರಿ, ಚೂರು ಬೆಲ್ಲ. ಮಾಂಸ ಬಿಡಿಸಿದ ಮೇಲೆ ಎರಡು ಚಮಚ ಕಾಚಂಪುಳಿ, ನಮ್ಮ ಕೊಡಗಿನ ಕಪ್ಪು ಹುಳಿರಸ. ಇಲ್ಲಿನವರು ವಿನಿಗರ್ ಹಾಕುವ ಜಾಗದಲ್ಲಿ ಅದು ಚೆನ್ನಾಗಿ ಕೂರುತ್ತದೆ.

ಮೊದಲ ತುತ್ತಿಗೆ ಅಜ್ಜಿಯ ಅಡುಗೆಮನೆ ನೆನಪಾಯಿತು. ಒಲೆಯ ಮೇಲೆ ಮಾಂಸ ತೂಗುಹಾಕಿ ದಿನಗಟ್ಟಲೆ ಹೊಗೆ ಕೊಡುತ್ತಿದ್ದರು, ಸೌದೆ ಕಾಫಿ ಗಿಡದ್ದು. ಅಷ್ಟು ಗಾಢವಾದ ಹೊಗೆ ನನಗೆ ಬೇಡ. ಆ ಹುಳಿ, ಆ ಮೆಣಸು, ಹಿಂದೆ ಸ್ವಲ್ಪ ಹೊಗೆ, ಅಷ್ಟು ಸಾಕು.

ಮುಂದಿನ ಸಲ ಬದಲಿಸುವುದು: ಪೆಕಾನ್ ತುಂಡು ನಾಲ್ಕರ ಬದಲು ಮೂರು. ಉಳಿದದ್ದೆಲ್ಲ ಹೀಗೇ.