ಸುತ್ತು ಮುಗಿದ ಮೇಲೆ ಏನು?

ವಿಡಿಯೋ ಗೇಮಿನ ಸಂಗೀತವನ್ನು ಯಾರಾದರೂ ಅಭಿಮಾನದಿಂದ ರೀಮಿಕ್ಸ್ ಮಾಡಿ ಕಳುಹಿಸಿದರೆ ನಾನು ಮೊದಲು ಕಿವಿಗೊಡುವುದು ಒಂದು ಜಾಗಕ್ಕೆ. ಮೂಲದ ಹಾಡು ತನ್ನ ಸುತ್ತು ಮುಗಿಸಿ ಮತ್ತೆ ಮೊದಲಿಗೆ ಮರಳುವ ಜಾಗ ಅದು. ಆಟದಲ್ಲಿ ಆ ಜಾಗ ಯಾರಿಗೂ ಗೊತ್ತಾಗಬಾರದು. ಆಡುವವನು ಹಳ್ಳ ದಾಟುತ್ತಲೋ ಶತ್ರುವನ್ನು ತಪ್ಪಿಸಿಕೊಳ್ಳುತ್ತಲೋ ಇರುತ್ತಾನೆ, ಹಾಡು ಅವನ ಹಿಂದೆ ತನ್ನ ಪಾಡಿಗೆ ತಿರುಗುತ್ತಿರುತ್ತದೆ. ರೀಮಿಕ್ಸಿನಲ್ಲಿ ಆಟವೇ ಇಲ್ಲ. ಕೇಳುವವರು ಕೇಳಲೆಂದೇ ಕುಳಿತಿದ್ದಾರೆ. ಅಲ್ಲಿ ಎರಡನೆಯ ಸುತ್ತು ಮೊದಲನೆಯದರಂತೆಯೇ ಬಂದರೆ, ಮೇಲೆ ಹೊಸದಾಗಿ ಡ್ರಮ್ ಸೇರಿದ್ದರೂ ಸರಿಯೇ, ಮಾಡಿದವರು ಇನ್ನೂ ಏನನ್ನೂ ತೀರ್ಮಾನಿಸಿಲ್ಲ ಎಂದು ನಾನು ಭಾವಿಸುತ್ತೇನೆ.

ನಾನು ಹಾಸನದಲ್ಲಿ ಪಿಟೀಲು ಕಲಿಸುವವಳು. ಸಾಲಗಾಮೆ ರಸ್ತೆಯಿಂದ ಸ್ವಲ್ಪ ಒಳಗಿರುವ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಸಂಜೆ ಪಾಠ ನಡೆಯುತ್ತದೆ. ರೀಮಿಕ್ಸುಗಳು ನನ್ನ ಬಳಿಗೆ ಬರತೊಡಗಿದ್ದು ಅಣ್ಣನ ಮಗನಿಂದಾಗಿ. ಅವನು ಇಲ್ಲಿಯೇ ಎಂಜಿನಿಯರಿಂಗ್ ಓದುತ್ತಿದ್ದಾನೆ. ರಾತ್ರಿಯ ಹೊತ್ತು ಲ್ಯಾಪ್‌ಟಾಪಿನಲ್ಲಿ ಆಟದ ಹಾಡುಗಳನ್ನು ಬಿಚ್ಚಿ ಮತ್ತೆ ಕಟ್ಟುತ್ತಾನೆ. "ಅತ್ತೆ, ಇದನ್ನು ಕೇಳಿ, ನಿಜ ಹೇಳಿ" ಎಂದು ಅವನು ಕಳುಹಿಸಿದ ಮೇಲೆ ಅವನ ಗೆಳೆಯರೂ ಕಳುಹಿಸಲು ಶುರುಮಾಡಿದರು. ಆಮೇಲೆ ಆಲೂರಿನಿಂದ ಪಾಠಕ್ಕೆ ಬರುವ ನನ್ನ ಶಿಷ್ಯೆಯೂ ಸೇರಿಕೊಂಡಳು. ಈಗ ವಾರಕ್ಕೆ ಒಂದಾದರೂ ಬಂದೇ ಬರುತ್ತದೆ.

ಈ ಸಂಗೀತ ನನಗೆ ಹೊಸದೇನೂ ಅಲ್ಲ. ಚಿಕ್ಕವರಿದ್ದಾಗ ಟಿ.ವಿ.ಗೆ ಜೋಡಿಸುವ ಗೇಮಿನ ಪೆಟ್ಟಿಗೆ ನಮ್ಮ ಮನೆಗೂ ಬಂದಿತ್ತು. ಅದರೊಳಗೆ ಸಿಕ್ಕಿಸುವುದನ್ನು ಎಲ್ಲರೂ ಕ್ಯಾಸೆಟ್ ಎನ್ನುತ್ತಿದ್ದರು. ಮಾರಿಯೋ, ಕಾಂಟ್ರಾ, ಟ್ಯಾಂಕಿನ ಆಟ. ಅಣ್ಣ ಆಡುತ್ತಿದ್ದ, ನಾನು ನನ್ನ ಸರದಿಗಾಗಿ ಕಾಯುತ್ತಿದ್ದೆ. ಆಡುವವರಿಗಿಂತ ಕಾಯುವವರಿಗೆ ಹಾಡು ಚೆನ್ನಾಗಿ ಕೇಳಿಸುತ್ತದೆ ಎಂಬುದು ನನ್ನ ಗಟ್ಟಿಯಾದ ನಂಬಿಕೆ. ಪಿಟೀಲು ಹಿಡಿಯುವ ಮೊದಲೇ ಆ ಹಾಡುಗಳು ನನಗೆ ಬಾಯಿಪಾಠವಾಗಿದ್ದವು.

ಎರಡನೆಯ ಸುತ್ತನ್ನು ನಾನು ಇಷ್ಟು ಹಚ್ಚಿಕೊಳ್ಳುವುದಕ್ಕೆ ನಾನು ಕಲಿತ ಕರ್ನಾಟಕ ಸಂಗೀತವೇ ಕಾರಣ. ನಮ್ಮ ಜಿಲ್ಲೆಯ ಅರಕಲಗೂಡು ತಾಲ್ಲೂಕಿನಲ್ಲಿ, ಕಾವೇರಿಯ ದಡದಲ್ಲಿ ರುದ್ರಪಟ್ಟಣ ಇದೆ. ಗಾಯಕರಾದ ಆರ್.ಕೆ. ಶ್ರೀಕಂಠನ್ ಅವರ ಊರು, ಆರ್.ಕೆ. ಪದ್ಮನಾಭ ಅವರ ಊರು. ತಂಬೂರಿಯ ಆಕಾರದ ದೇವಾಲಯ ಇರುವ ಊರು. ಅಲ್ಲಿ ಕೂತು ಕಛೇರಿ ಕೇಳಿದವರಿಗೆ ಪಲ್ಲವಿಯ ಒಂದೇ ಸಾಲು ಮರಳಿ ಮರಳಿ ಬರುವುದು ಬೇಸರದ ವಿಷಯವಲ್ಲ. ಪ್ರತಿ ಸಲವೂ ಒಂದು ಸಂಗತಿ, ಅಂದರೆ ಅದೇ ಸಾಲಿನ ಹೊಸ ತಿರುವು, ಸೇರುತ್ತದೆ. ಸಾಹಿತ್ಯ ಅದೇ, ತಾಳದಲ್ಲಿ ಎತ್ತುವ ಜಾಗ ಅದೇ, ಆದರೆ ಸಾಲು ಸ್ವಲ್ಪ ಹಿಗ್ಗಿರುತ್ತದೆ. ಮೂರನೆಯ ಸಂಗತಿಯನ್ನು ಮೊದಲನೆಯದರ ಜಾಗದಲ್ಲಿ ಇಟ್ಟರೆ ಕಟ್ಟಡವೇ ಕುಸಿಯುತ್ತದೆ. ಒಂದೇ ಸಾಲನ್ನು ಹಿಡಿದು ಅಲ್ಲಿಯೇ ವಿಸ್ತರಿಸುವ ನೆರವಲ್‌ನಲ್ಲಿ ಗಾಯಕರಿಗೆ ಇನ್ನೂ ಹೆಚ್ಚಿನ ಸ್ವಾತಂತ್ರ್ಯವಿದೆ. ಅಲ್ಲಿಯೂ ಪದಗಳು ತಾಳದ ತಮ್ಮ ಮನೆಗಳನ್ನು ಬಿಟ್ಟು ಅಲೆಯುವುದಿಲ್ಲ. ಯಾವುದನ್ನು ಬಿಡಬಾರದು ಎಂದು ಗೊತ್ತಿರುವವರಿಗೆ ಮಾತ್ರ ಉಳಿದದ್ದನ್ನೆಲ್ಲ ಬದಲಿಸುವ ಧೈರ್ಯ ಬರುತ್ತದೆ. ರೀಮಿಕ್ಸಿನಿಂದ ನಾನು ಕೇಳುವುದು ಇದನ್ನೇ.

ಯಾವುದನ್ನು ಬಿಡಬಾರದು ಎಂದು ತಿಳಿಯಬೇಕಾದರೆ ಮೂಲ ಯಾಕೆ ಹಾಗಿದೆ ಎಂದು ತಿಳಿದಿರಬೇಕು. 1985ರ ಸೂಪರ್ ಮಾರಿಯೋ ಬ್ರದರ್ಸ್ ಆಟಕ್ಕೆ ಸಂಗೀತ ಮಾಡಿದವರು ಕೋಜಿ ಕೊಂಡೋ. ಅವರ ಕೈಯಲ್ಲಿದ್ದ ಯಂತ್ರಕ್ಕೆ ಐದೇ ದನಿ: ಎರಡು ಪಲ್ಸ್ ಅಲೆ, ಒಂದು ತ್ರಿಕೋನ ಅಲೆ, ಒಂದು ಬರೀ ಸದ್ದು, ಮತ್ತೆ ರೆಕಾರ್ಡ್ ಮಾಡಿದ ಚಿಕ್ಕ ತುಣುಕು ನುಡಿಸಬಲ್ಲ ಒಂದು ದಾರಿ. ತ್ರಿಕೋನದ ದನಿಗೆ ಏರಿಳಿತವೇ ಇಲ್ಲ, ಇದ್ದರೆ ಪೂರ್ತಿ ಇರುತ್ತದೆ, ಇಲ್ಲದಿದ್ದರೆ ಇಲ್ಲ. ಆ ಕಾಲದ ಆಟಗಳ ಬೇಸ್, ಅಂದರೆ ಕೆಳಸ್ಥಾಯಿಯ ಎಳೆ, ಅಷ್ಟು ನೇರವಾಗಿ, ಅಷ್ಟು ಚುರುಕಾಗಿ ನಡೆಯುವುದರಲ್ಲಿ ಅದರ ಪಾಲೂ ಇದೆ. ಒಟ್ಟಿಗೆ ನುಡಿಯಬೇಕಾದ ಮೂರು ಸ್ವರಗಳ ಸ್ವರಮೇಳಕ್ಕೆ ದನಿ ಸಾಲದಿದ್ದಾಗ ಸಂಗೀತಗಾರರು ಆ ಮೂರನ್ನೂ ಒಂದೇ ದನಿಯಲ್ಲಿ ಬಲು ವೇಗವಾಗಿ ಒಂದರ ಹಿಂದೆ ಒಂದು ಓಡಿಸುತ್ತಿದ್ದರು. ಹಳೆಯ ಗೇಮುಗಳಲ್ಲಿ ಕೇಳಿಸುವ ಆ ಮಿಣಮಿಣ ಹುಟ್ಟಿದ್ದು ಹೀಗೆ. ಇಕ್ಕಟ್ಟಿನಿಂದ ಬಂದದ್ದು ನಿಜ, ಆದರೆ ಹಾಡಿನ ಓಟವೆಲ್ಲ ಅದರ ಮೇಲೆಯೇ ನಿಂತಿರುತ್ತದೆ.

ನನಗೆ ಬರುವ ರೀಮಿಕ್ಸುಗಳಲ್ಲಿ ಹೆಚ್ಚಿನವು ಎಡವುವುದು ಇಲ್ಲಿ. ಈಗ ಯಾರ ಲ್ಯಾಪ್‌ಟಾಪಿನಲ್ಲಾದರೂ ಇಡೀ ಆರ್ಕೆಸ್ಟ್ರಾ ಇರುತ್ತದೆ. ಓಡುವ ಸ್ವರಗಳನ್ನು ತೆಗೆದುಹಾಕಿ ಆ ಜಾಗದಲ್ಲಿ ನಲವತ್ತು ಪಿಟೀಲುಗಳ ಉದ್ದನೆಯ ಸ್ವರಮೇಳ ಹಾಸುತ್ತಾರೆ. ದನಿ ಶ್ರೀಮಂತವಾಗುತ್ತದೆ, ಹಾಡು ನಿಂತುಬಿಡುತ್ತದೆ. ನಾನು ಪಿಟೀಲಿನವಳಾಗಿಯೇ ಹೇಳುತ್ತೇನೆ: ಆ ನಲವತ್ತು ಪಿಟೀಲುಗಳಲ್ಲಿ ಒಂದಕ್ಕೂ ಬಿಲ್ಲು ತಿರುಗಿಸುವ ಕ್ಷಣ ಇರುವುದಿಲ್ಲ. ಎಲ್ಲ ಸ್ವರಗಳಿಗೂ ಒಂದೇ ಒತ್ತು, ಎಲ್ಲವೂ ಗೆರೆ ಎಳೆದಂತೆ ತಾಳದ ಮೇಲೆ. ಕೀಬೋರ್ಡಿನಲ್ಲಿ ಒಂದೊಂದು ಸ್ವರದ ವೆಲಾಸಿಟಿಯನ್ನು, ಅಂದರೆ ಒತ್ತನ್ನು, ಬದಲಿಸುವುದು ಬೇಸರದ ಕೆಲಸ ಎಂದು ನನಗೆ ಗೊತ್ತಿದೆ. ಆದರೂ ಆ ಕೆಲಸ ಮಾಡಿದವರನ್ನು ಮೊದಲ ಎಂಟು ಎಣಿಕೆಯಲ್ಲಿಯೇ ಗುರುತಿಸಬಹುದು.

ಅಣ್ಣನ ಮಗ ಮಾಡಿದ ಮಾರಿಯೋ ರೀಮಿಕ್ಸಿನ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು. ಮೂಲ ಆಟದಲ್ಲಿ ಸದ್ದುಗಳಿಗೂ ಹಾಡಿಗೂ ಇರುವುದು ಅವೇ ದನಿಗಳು. ಮಾರಿಯೋ ಹಾರಿದಾಗ ಹಾರುವ ಸದ್ದು ಒಂದು ಪಲ್ಸ್ ದನಿಯನ್ನು ಕಿತ್ತುಕೊಳ್ಳುತ್ತದೆ; ಅಷ್ಟು ಹೊತ್ತು ಹಾಡಿನಲ್ಲಿ ಒಂದು ಎಳೆ ಇರುವುದಿಲ್ಲ. ಕಾಯುತ್ತ ಕೂತು ಕೇಳಿದವರ ನೆನಪಿನಲ್ಲಿ ಉಳಿದಿರುವುದು ಹೀಗೆ ತೂತು ಬಿದ್ದ ಹಾಡೇ. ಅವನು ಎರಡನೆಯ ಸುತ್ತಿನಲ್ಲಿ ಹಾರುವ ಸದ್ದನ್ನು ಹಾಕಲಿಲ್ಲ, ತೂತುಗಳನ್ನು ಮಾತ್ರ ಉಳಿಸಿಕೊಂಡ. ಮೇಲಿನ ಎಳೆ ಅಲ್ಲಲ್ಲಿ ಸುಮ್ಮನಾಗುತ್ತದೆ, ಕೆಳಗೆ ಬೇಸ್ ನಡೆಯುತ್ತಲೇ ಇರುತ್ತದೆ, ಆ ಖಾಲಿ ಜಾಗಗಳಲ್ಲಿ ಮೃದಂಗದ ಒಂದೊಂದು ಗುಮ್ಕಿ, ಅಂದರೆ ಎಡಗೈಯ ಗುಂಯ್ ಎನ್ನುವ ಪೆಟ್ಟು. ಮೂರನೆಯ ಸುತ್ತಿಗೆ ಹಾಡಿನ ವೇಗ ಹೆಚ್ಚುತ್ತದೆ. ಆಟದಲ್ಲಿ ಸಮಯ ನೂರಕ್ಕಿಂತ ಕೆಳಗಿಳಿದಾಗ ಸಂಗೀತ ಧಾವಿಸತೊಡಗುತ್ತದಲ್ಲ, ಅದೇ. ಮೂಲದ ಒಂದು ಸ್ವರವನ್ನೂ ಅವನು ಬದಲಿಸಿಲ್ಲ, ಆದರೂ ಇದು ಅವನದೇ ಹಾಡು. ಈ ಮೂಲಕ್ಕೆ ತಕ್ಕ ಗೌರವವೂ ಇದೇ. 2023ರಲ್ಲಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ತನ್ನ ರಾಷ್ಟ್ರೀಯ ಧ್ವನಿಮುದ್ರಣ ಪಟ್ಟಿಗೆ ಈ ಹಾಡನ್ನು ಸೇರಿಸಿತು. ಆ ಪಟ್ಟಿಗೆ ವಿಡಿಯೋ ಗೇಮಿನ ಸಂಗೀತ ಸೇರಿದ್ದು ಅದೇ ಮೊದಲು.

ಅವನ ಗೆಳೆಯನೊಬ್ಬ ಮೈನ್‌ಕ್ರಾಫ್ಟ್ ಆಟದ ಪಿಯಾನೋ ಹಾಡಿಗೆ ಭಾರಿ ಡ್ರಮ್ ಸೇರಿಸಿ ಕಳುಹಿಸಿದ್ದ. ಡ್ರಮ್ ಶುಚಿಯಾಗಿತ್ತು, ಮಿಕ್ಸಿಂಗ್ ನನಗೆ ಬಂದವುಗಳಲ್ಲಿಯೇ ಉತ್ತಮ. ನಾನು ಒಪ್ಪಲಿಲ್ಲ. ಆ ಆಟದಲ್ಲಿ ಡೇನಿಯಲ್ ರೋಸೆನ್‌ಫೆಲ್ಡ್ ಅವರ ಸಂಗೀತ ಎಡೆಬಿಡದೆ ನುಡಿಯುವುದಿಲ್ಲ. ಬಹಳ ಹೊತ್ತಿನ ಮೌನದ ನಡುವೆ ಎಲ್ಲಿಂದಲೋ ಬರುತ್ತದೆ, ಮತ್ತೆ ಹೋಗುತ್ತದೆ. ಆ ಮೌನವೂ ಸಂಯೋಜನೆಯ ಭಾಗ. ಬಿಡುವೇ ಇಲ್ಲದ ಡ್ರಮ್ ಮೌನವನ್ನು ಅಳಿಸಿತು, ಅದರ ಬದಲಿಗೆ ಬೇರೇನನ್ನೂ ಕೊಡಲಿಲ್ಲ.

ಆಲೂರಿನ ಹುಡುಗಿ ತಂದದ್ದು ಟೆಟ್ರಿಸ್ ಆಟದ ಹಾಡು. 1989ರಲ್ಲಿ, ಕೈಯಲ್ಲಿ ಹಿಡಿದು ಆಡುವ ಗೇಮ್ ಬಾಯ್ ಯಂತ್ರದಲ್ಲಿ ಬಂದ ಆ ಪ್ರಸಿದ್ಧ ಹಾಡು ಕೊರೊಬೈನಿಕಿ ಎಂಬ ರಷ್ಯನ್ ಜನಪದ ಗೀತೆ. ಅದರ ಸಾಹಿತ್ಯದ ಬೇರು 1861ರ ನೆಕ್ರಾಸೊವ್ ಕವಿತೆಯಲ್ಲಿದೆ. ಹಿರೊಕಾಜು ತನಾಕಾ ಅದನ್ನು ಗೇಮ್ ಬಾಯ್‌ನ ನಾಲ್ಕು ದನಿಗಳಿಗೆ ಹೊಂದಿಸಿದರು. ಅಂದರೆ ನಾವು ಮೂಲ ಎನ್ನುವುದೇ ಒಂದು ಮರುಜೋಡಣೆ. ಅವಳು ಪಿಟೀಲಿನಲ್ಲಿಯೇ ನುಡಿಸಿದ್ದಳು, ಹಿಂದೆ ತಂಬೂರಿ ಮತ್ತು ಒಂದು ಸಿಂಥ್ ಬೇಸ್. ಮೊದಲ ಭಾಗದ ಸಾಲು, ಪ ರಿ ಗ ಮ ಗ ರಿ ಸ, ನಠಭೈರವಿ ರಾಗದ ಸ್ವರಗಳಲ್ಲಿ ಸಲೀಸಾಗಿ ಕೂರುತ್ತದೆ. ಎರಡನೆಯ ಭಾಗದಲ್ಲಿ ಕಾಕಲಿ ನಿಷಾದ, ಅಂದರೆ ಎತ್ತರದ ನಿ, ಬರುತ್ತದೆ, ಆಗ ಕಿವಿಗೆ ಕೀರವಾಣಿ ರಾಗದ ವಾಸನೆ ಹೊಡೆಯುತ್ತದೆ. ಇಂಥ ಕಡೆ ನಮ್ಮ ಮಕ್ಕಳು ಸಾಮಾನ್ಯವಾಗಿ ಗಮಕವನ್ನು, ಅಂದರೆ ಸ್ವರದ ತೂಗಾಟವನ್ನು, ಎಲ್ಲೆಡೆ ಎರಚಿಬಿಡುತ್ತಾರೆ, ಹಾಡು ಕರ್ನಾಟಕ ಸಂಗೀತದ ವೇಷ ಹಾಕಿಕೊಂಡಂತೆ ಕಾಣುತ್ತದೆ. ಇವಳು ಹಾಗೆ ಮಾಡಲಿಲ್ಲ. ಮೊದಲ ಸುತ್ತಿನಲ್ಲಿ ಸ್ವರಗಳು ಆಟದಲ್ಲಿ ಇರುವಂತೆಯೇ ಚಪ್ಪಟೆ, ಚೌಕ, ಬಿಡಿಬಿಡಿ. ಎರಡನೆಯ ಸುತ್ತಿನಲ್ಲಿ ಗಾಂಧಾರಕ್ಕೆ ಮಾತ್ರ ಅಲುಗಾಟ. ಮೂರನೆಯದರಲ್ಲಿ ಆ ನಿಷಾದಕ್ಕೆ ಷಡ್ಜದಿಂದ ಇಳಿದು ಬರುವ ಒಂದು ಜಾರು. ಆ ಹೊತ್ತಿಗೆ ಹಿಂದೆ ಪಾಶ್ಚಾತ್ಯ ಸ್ವರಮೇಳ ನಿಂತಿದ್ದರೆ ಜಾರುವ ನಿಷಾದ ಅದಕ್ಕೆ ಡಿಕ್ಕಿ ಹೊಡೆಯುತ್ತಿತ್ತು. ಅವಳು ಅದನ್ನು ಬಳಸಿಯೇ ಇರಲಿಲ್ಲ, ಆ ಜಾಗದಲ್ಲಿ ಬೇಸನ್ನೂ ತೆಗೆದು ತಂಬೂರಿ ಮಾತ್ರ ಬಿಟ್ಟಿದ್ದಳು. ನಾನು ಎದ್ದು ನಿಂತು ಕೇಳಿದೆ. ಸಂಗತಿ ಎಂದರೇನು ಎಂದು ವರ್ಷಗಟ್ಟಲೆ ಪಾಠ ಹೇಳಿದ್ದಕ್ಕೆ ಒಂದು ಗೇಮಿನ ಹಾಡಿನಲ್ಲಿ ಉತ್ತರ ಸಿಕ್ಕಿತು.

ಅವಳ ರೀಮಿಕ್ಸಿನಲ್ಲಿ ದೋಷ ಇಲ್ಲದಿಲ್ಲ. ಬೇಸ್ ಹೆಡ್‌ಫೋನಿನಲ್ಲಿ ದಪ್ಪವಾಗಿ ಕೇಳಿಸುತ್ತದೆ, ಮೊಬೈಲಿನ ಸ್ಪೀಕರಿನಲ್ಲಿ ಕಾಣೆಯಾಗುತ್ತದೆ. ನಮ್ಮ ಕಡೆಯ ಹುಡುಗರು ಕೇಳುವುದೇ ಮೊಬೈಲಿನಲ್ಲಿ, ಅದೂ ಸಕಲೇಶಪುರದ ಬಸ್ಸಿನ ಗದ್ದಲದಲ್ಲಿ. ಬೇಸ್‌ಗೆ ಸ್ವಲ್ಪ ಮೇಲಿನ ಸ್ಥಾಯಿಯ ಒರಟು ಸೇರಿಸಿದರೆ ಚಿಕ್ಕ ಸ್ಪೀಕರೂ ಅದನ್ನು ಹಿಡಿಯುತ್ತದೆ ಎಂದೆ. ಇನ್ನು ಗಟ್ಟಿತನದ ಚಟ. ಲಿಮಿಟರ್ ಹಾಕಿ, ಅಂದರೆ ದನಿಯ ಶಿಖರಗಳನ್ನು ಒತ್ತಿ, ಹಾಡನ್ನು ಗೋಡೆಯಂತೆ ಮಾಡುವವರಿಗೆ ಒಂದೇ ಮಾತು: ಸ್ಪಾಟಿಫೈಯಂಥ ಸೇವೆಗಳು ಸಾಮಾನ್ಯವಾಗಿ ಎಲ್ಲ ಹಾಡುಗಳನ್ನೂ ಗಟ್ಟಿತನದ ಅಳತೆಯಲ್ಲಿ ಮೈನಸ್ 14 ಎಲ್‌ಯುಎಫ್‌ಎಸ್ ಮಟ್ಟಕ್ಕೆ ತಂದು ಕೇಳಿಸುತ್ತವೆ. ನೀವು ಗಳಿಸಿದ ಗಟ್ಟಿತನ ಅಲ್ಲಿ ಇಳಿದುಹೋಗುತ್ತದೆ, ಕಳೆದುಕೊಂಡ ಏರಿಳಿತ ಮರಳಿ ಬರುವುದಿಲ್ಲ.

ಅಭಿಮಾನಿಗಳ ಈ ಕೆಲಸವನ್ನು ಹುಡುಗಾಟ ಎನ್ನುವವರು ನನ್ನ ಸಂಗೀತದ ಬಳಗದಲ್ಲಿಯೂ ಇದ್ದಾರೆ. ಅವರಿಗೆ ನಾನು ಎರಡು ವಿಷಯ ಹೇಳುತ್ತೇನೆ. 1999ರಲ್ಲಿ ಅಮೆರಿಕದಲ್ಲಿ ಶುರುವಾದ ಓವರ್‌ಕ್ಲಾಕ್ಡ್ ರೀಮಿಕ್ಸ್ ಬಳಗ, ಬಂದ ರೀಮಿಕ್ಸುಗಳನ್ನು ತೀರ್ಪುಗಾರರ ಮಂಡಳಿಯಿಂದ ಕೇಳಿಸಿ, ಒಪ್ಪಿಗೆಯಾದವನ್ನು ಮಾತ್ರ ಹೊರತರುತ್ತದೆ. ಕ್ಯಾಪ್‌ಕಾಮ್ ಕಂಪನಿ ತನ್ನ ಸ್ಟ್ರೀಟ್ ಫೈಟರ್ ಆಟದ, 2008ರಲ್ಲಿ ಬಂದ ಹೊಸ ಆವೃತ್ತಿಗೆ ಸಂಗೀತ ಮಾಡಲು ಕರೆದದ್ದು ಅವರನ್ನೇ. ಇನ್ನೊಂದು, ಆಟಗಳನ್ನೂ ಅವುಗಳ ಸಂಗೀತವನ್ನೂ ಮಾಡುವ ಟೋಬಿ ಫಾಕ್ಸ್ ಅವರದು. 2015ರ ಅಂಡರ್‌ಟೇಲ್ ಆಟದ ಮೆಗಲೋವೇನಿಯಾ ಎಂಬ ಹಾಡು ಮೊದಲು ಕೇಳಿಬಂದದ್ದು, ಅರ್ತ್‌ಬೌಂಡ್ ಆಟವನ್ನು ತಿದ್ದಿ ಅವರು ಅಭಿಮಾನಿಯಾಗಿ 2008ರಲ್ಲಿ ಮಾಡಿದ ಆಟದಲ್ಲಿ. ಈಗ ಅದರ ರೀಮಿಕ್ಸುಗಳೇ ನನ್ನ ಮೊಬೈಲಿಗೆ ಹೆಚ್ಚಾಗಿ ಬರುತ್ತವೆ.

ಮೂಲದ ರಾಗ ಎಷ್ಟು ಸೆಕೆಂಡು ಉಳಿದಿದೆ ಎಂದು ಗಡಿಯಾರ ಹಿಡಿದು ಅಳೆಯುವುದರಲ್ಲಿ ನನಗೆ ಅರ್ಧ ನಂಬಿಕೆ ಮಾತ್ರ. ಗುರುತೇ ಸಿಗದಿದ್ದರೆ ಅದು ಬೇರೆ ಹಾಡು, ಸರಿ. ಆದರೆ ನೂರಕ್ಕೆ ನೂರು ಉಳಿಸಿಕೊಂಡು ಏನನ್ನೂ ಹೇಳದ ರೀಮಿಕ್ಸುಗಳನ್ನು ಆ ಅಳತೆ ತಡೆಯಲಾರದು. ಅಂಕಗಳನ್ನೂ ನಾನು ಕೊಡುವುದಿಲ್ಲ. ಒಂದು ಸಲ ಸುಮ್ಮನೆ ಕೇಳುತ್ತೇನೆ, ಮೂಲವನ್ನು ಕೇಳುತ್ತೇನೆ, ಮತ್ತೆ ಪೆನ್ನು ಹಿಡಿದು ಕೇಳುತ್ತೇನೆ. 'ಒಂದು ನಿಮಿಷ ಹತ್ತು ಸೆಕೆಂಡಿನಲ್ಲಿ ಕೊಳಲು ಯಾಕೆ ಬಂತು, ಯಾಕೆ ಹೋಯಿತು?' ಎಂಬಂಥ ಪ್ರಶ್ನೆಗಳನ್ನು ಬರೆದು ಕಳುಹಿಸುತ್ತೇನೆ. ಮಾಡಿದವರ ಬಳಿ ಉತ್ತರ ಇದ್ದರೆ, ನನಗೆ ಹಿಡಿಸದಿದ್ದರೂ ಅದು ಅಲ್ಲಿಯೇ ಇರಲಿ.

ಒಂದು ರೀಮಿಕ್ಸ್ ಮಾತ್ರ ಇದುವರೆಗೆ ಯಾರೂ ತಂದುಕೊಟ್ಟಿಲ್ಲ. ಮಾರಿಯೋ ನೀರೊಳಗೆ ಇಳಿದಾಗ ಕೇಳಿಸುವ ಹಾಡು ಮೂರು ಎಣಿಕೆಯ ವಾಲ್ಟ್ಸ್. ಅದನ್ನು ತಿಶ್ರ ನಡೆಯಲ್ಲಿ, ಒಂದು ಪಿಟೀಲು, ಒಂದು ಘಟ, ಬೇಕಿದ್ದರೆ ಹಳೆಯ ಯಂತ್ರದ ಆ ತ್ರಿಕೋನ ದನಿಯ ಬೇಸ್, ಇಷ್ಟರಲ್ಲಿಯೇ ಮಾಡಬೇಕು. ಪಿಟೀಲು ನಾನೇ ನುಡಿಸಿ ರೆಕಾರ್ಡ್ ಮಾಡಿಕೊಡುತ್ತೇನೆ. ಹಾಸನಾಂಬೆಯ ಜಾತ್ರೆಯ ಸಮಯದಲ್ಲಿ ಊರಿನ ಮೈಕುಗಳ ನಡುವೆ ರೆಕಾರ್ಡಿಂಗ್ ಆಗದ ಮಾತು, ಅದಕ್ಕೆ ಮುಂಚೆ ಬನ್ನಿ. ಎರಡನೆಯ ಸುತ್ತಿನಲ್ಲಿ ಏನು ಮಾಡುತ್ತೀರಿ ಎಂದು ಮಾತ್ರ ಯೋಚಿಸಿಕೊಂಡು ಬನ್ನಿ.