ಜೇಬಿನಲ್ಲಿದ್ದ ಫ್ಯೂಸು

ಎದುರು ಮನೆ ಪದ್ಮಮ್ಮನವರ ಅಡುಗೆಮನೆಯಲ್ಲಿ ನಾಲ್ಕು ದಿನ ಲೈಟ್ ಇರಲಿಲ್ಲ. ಟ್ಯೂಬ್‌ಲೈಟ್ ಚೆನ್ನಾಗೇ ಇತ್ತು, ಕೆಟ್ಟಿದ್ದು ಒಂದು ಸ್ವಿಚ್ಚು. ಸೋಮವಾರ ಸಂಜೆ ನಾನು ಹೋದಾಗ ಮೊಬೈಲ್ ಟಾರ್ಚನ್ನು ಸಕ್ಕರೆ ಡಬ್ಬಕ್ಕೆ ಒರಗಿಸಿಟ್ಟುಕೊಂಡು ಹುಳಿಗೆ ತರಕಾರಿ ಹೆಚ್ಚುತ್ತಿದ್ದರು. ಎಪ್ಪತ್ತೆಂಟು ವರ್ಷ ಅವರಿಗೆ. ಒಂದು ಕಣ್ಣಿಗೆ ಪೊರೆ ಆಪರೇಷನ್ ಆಗಿದೆ, ಇನ್ನೊಂದಕ್ಕೆ ಆಗಬೇಕು.

ಸ್ವಿಚ್ ಒತ್ತಿ ನೋಡಿದೆ. ಟಕ್ ಅನ್ನಲಿಲ್ಲ. ಒಳಗೆ ಸ್ಪ್ರಿಂಗ್ ಹೋಗಿದೆ ಅಂತ ಬೆರಳಿಗೇ ಗೊತ್ತಾಯಿತು. ಮನೆಗೆ ಬಂದು ಅಪ್ಪನ ಡಬ್ಬ ತಗೊಂಡು ಹೋದೆ. ಅದರಲ್ಲಿ ಒಂದು ಹೊಸ ಸ್ವಿಚ್ಚೂ ಇತ್ತು. ಇನ್ನೇನು ಮೇನ್ ಆಫ್ ಮಾಡಬೇಕು, ಅಷ್ಟರಲ್ಲಿ ಪುಣೆಯಿಂದ ಅವರ ಮಗನ ಫೋನು. ದಿನಾ ಏಳು ಗಂಟೆಗೆ ಮಾಡುತ್ತಾನೆ. ಪದ್ಮಮ್ಮ ಸ್ಪೀಕರ್ ಹಾಕಿ, “ನೋಡೋ, ಅಕ್ಕ ಬಂದು ಸ್ವಿಚ್ ಹಾಕಿಕೊಡ್ತಿದ್ದಾಳೆ” ಅಂತ ಖುಷಿಯಿಂದ ಹೇಳಿದರು.

“ಅಕ್ಕ, ಬೇಡ ಬೇಡ, ದಯವಿಟ್ಟು ಮುಟ್ಟಬೇಡಿ. ನಾನು ಆ್ಯಪ್‌ನಲ್ಲಿ ಬುಕ್ ಮಾಡ್ತೀನಿ. ಏನಾದ್ರೂ ಆದ್ರೆ ಯಾರು ಜವಾಬ್ದಾರಿ?”

ಸ್ಕ್ರೂ ಡ್ರೈವರ್ ಹಿಡಿದುಕೊಂಡು ನಿಂತೇ ಇದ್ದೆ. ಏನು ಹೇಳಬೇಕು ಅಂತ ಹೊಳೆಯಲಿಲ್ಲ. “ಸರಿ ಕಣಪ್ಪ” ಅಂದು ಡಬ್ಬ ಮುಚ್ಚಿದೆ. ನಮ್ಮ ಮನೆಯ ಎಮರ್ಜೆನ್ಸಿ ಲ್ಯಾಂಪ್ ಕೊಟ್ಟು ಬಂದೆ.

ಅವತ್ತಿನಿಂದ ಆ ಮಾತು ಬಿಡುತ್ತಿಲ್ಲ. ಯಾರು ಜವಾಬ್ದಾರಿ? ಹುಡುಗ ಕೆಟ್ಟವನಲ್ಲ. ಮೈಸೂರಿನ ನಮ್ಮ ಸರಸ್ವತಿಪುರದ ಈ ರಸ್ತೆಯಲ್ಲೇ ಬೆಳೆದವನು. ಅವನ ಸೈಕಲ್ ಚೈನ್ ಬಿಚ್ಚಿಕೊಂಡಾಗಲೆಲ್ಲ ನಮ್ಮ ಗೇಟಿನ ಮುಂದೆ ತಂದು ನಿಲ್ಲಿಸುತ್ತಿದ್ದ. ಅಪ್ಪ ಹಾಕಿಕೊಡುತ್ತಿದ್ದರು. ಹಾಗೆ ಹಾಕಿಕೊಡುವುದಲ್ಲ, ಅವನ ಕೈಯಲ್ಲೇ ಹಾಕಿಸುತ್ತಿದ್ದರು. ಅವತ್ತು ಅವನ ಅಮ್ಮ ಯಾರು ಜವಾಬ್ದಾರಿ ಅಂತ ಕೇಳಿರಲಿಲ್ಲ. ಬೆರಳು ಸಿಕ್ಕಿಕೊಂಡು ರಕ್ತ ಬಂದಾಗಲೂ ಕೇಳಲಿಲ್ಲ. ಅರಿಶಿನ ಹಚ್ಚಿ ಕಳಿಸಿದ್ದರು.

ಅಪ್ಪ ಯಾದವಗಿರಿಯಲ್ಲಿ ಬೈಕ್ ತಯಾರಿಸುತ್ತಿದ್ದ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದರು. 1996ರಲ್ಲಿ ಅದು ಮುಚ್ಚಿತು. ಆ ಗಾಡಿಗಳಲ್ಲಿ ಕಿಕ್ಕರ್ರೂ ಗೇರೂ ಒಂದೇ ಲಿವರ್. ಒಂದು ತುಂಡು ಕಬ್ಬಿಣ ಎರಡು ಕೆಲಸ ಮಾಡುವುದನ್ನು ಅವರು ನಮಗೆ ಎಷ್ಟು ಸಲ ತೋರಿಸಿದರೋ. ಕಾರ್ಖಾನೆಯಿಂದ ಮನೆಗೆ ಬಂದ ಮೇಲೂ ಕೈ ಸುಮ್ಮನಿರುತ್ತಿರಲಿಲ್ಲ. ಬೀದಿಯ ಕುಕ್ಕರ್ ಹಿಡಿ, ಇಸ್ತ್ರಿ ಪೆಟ್ಟಿಗೆ, ನಲ್ಲಿಯ ವಾಷರ್ ಎಲ್ಲ ನಮ್ಮ ಜಗುಲಿಗೇ ಬರುತ್ತಿತ್ತು. ನಾನು ಟಾರ್ಚ್ ಹಿಡಿಯುವವಳು. “ಮೂರು ಪಿನ್ನಲ್ಲಿ ಮೇಲಿನದು ಯಾಕೆ ಉದ್ದ ಗೊತ್ತಾ?” ಅಂತ ಕೇಳುತ್ತಿದ್ದರು. ಅದು ಅರ್ತ್ ಪಿನ್ನು. ಚುಚ್ಚುವಾಗ ಅದೇ ಮೊದಲು ತಾಗಬೇಕು, ಕೀಳುವಾಗ ಅದೇ ಕೊನೆಗೆ ಬಿಡಬೇಕು. ಕರೆಂಟ್ ಬರುವ ಮೊದಲೇ ಕಾಪಾಡುವವನು ಬಂದು ನಿಂತಿರಬೇಕು, ಹೋದ ಮೇಲೆ ಅವನು ಹೋಗಬೇಕು ಅನ್ನುತ್ತಿದ್ದರು.

ಅವರು ಹುಂಬರಲ್ಲ. 230 ವೋಲ್ಟ್ ಅಂದರೆ ಏನು ಅಂತ ಚೆನ್ನಾಗಿ ಗೊತ್ತಿತ್ತು. ಯಾರ ಮನೆಯಲ್ಲಿ ಬೋರ್ಡ್ ಬಿಚ್ಚಿದರೂ ಮೊದಲು ಮೇನ್ ಆಫ್. ಆಮೇಲೆ ಪಿಂಗಾಣಿ ಫ್ಯೂಸನ್ನು ಕಿತ್ತು ಶರ್ಟಿನ ಜೇಬಿಗೆ ಹಾಕಿಕೊಳ್ಳುತ್ತಿದ್ದರು. ಯಾರಾದರೂ ಮಕ್ಕಳು ತಿಳಿಯದೆ ಮೇನ್ ಹಾಕಿದರೂ ಕರೆಂಟ್ ಬರಬಾರದು ಅಂತ. ಅದಾದ ಮೇಲೂ ಟೆಸ್ಟರ್ ಇಟ್ಟು ನೋಡದೆ ವೈರ್ ಮುಟ್ಟುತ್ತಿರಲಿಲ್ಲ. ಬಾಗಿದಾಗ ಜೇಬಿನ ಫ್ಯೂಸು ಬೀಡಿ ಕಟ್ಟಿಗೆ ತಾಗಿ ಸಣ್ಣಗೆ ಸದ್ದಾಗುತ್ತಿದ್ದದ್ದು ನನಗೆ ಈಗಲೂ ಕೇಳಿಸುತ್ತದೆ. ಮಾರನೇ ದಿನ ಬೆಳಿಗ್ಗೆ ಹಾಲು ತರಲು ಹೋದವರು ಆ ಮನೆಗೆ ನುಗ್ಗಿ, ಸಾಕೆಟ್ ಬಿಸಿಯಾಗಿದೆಯಾ ಅಂತ ಅಂಗೈ ಹಿಂಬದಿಯಿಂದ ಮುಟ್ಟಿ ನೋಡಿ ಬರುತ್ತಿದ್ದರು. ಯಾರೂ ಹೇಳಿದ್ದಲ್ಲ. ನಾನು ಮಾಡಿದ ಕೆಲಸ, ನಾನು ನೋಡಬೇಕಲ್ವಾ ಅನ್ನೋದು ಅಷ್ಟೇ.

ಸೋಮವಾರ ರಾತ್ರಿ ನಿದ್ದೆ ಬರಲಿಲ್ಲ. ಕಾನೂನು ಏನು ಹೇಳುತ್ತದೆ ಅಂತ ಹುಡುಕಿ ಓದಿದೆ. 1956ರ ವಿದ್ಯುತ್ ನಿಯಮಗಳಲ್ಲಿ 45ನೇ ನಿಯಮ ಇತ್ತು. ಹೊಸ ವೈರಿಂಗ್, ಬದಲಾವಣೆ, ರಿಪೇರಿ ಎಲ್ಲ ಲೈಸೆನ್ಸ್ ಇರುವ ಗುತ್ತಿಗೆದಾರರ ಕಡೆಯಿಂದಲೇ ಆಗಬೇಕು. ಆದರೆ ಬಲ್ಬು, ಫ್ಯಾನು, ಫ್ಯೂಸು, ಸ್ವಿಚ್ಚು ಬದಲಿಸುವುದಕ್ಕೆ ಈ ಕಟ್ಟು ಇಲ್ಲ, ವ್ಯವಸ್ಥೆಯ ಸಾಮರ್ಥ್ಯ, ಸ್ವರೂಪ ಬದಲಾಗದಿದ್ದರೆ ಸಾಕು. 2010ರಲ್ಲಿ, ಆಮೇಲೆ 2023ರಲ್ಲಿ ಹೊಸ ನಿಯಮಗಳು ಬಂದಾಗಲೂ ಈ ವಿನಾಯಿತಿ ಉಳಿಸಿಕೊಂಡಿದ್ದಾರೆ. ಓದಿ ಕಣ್ಣು ತುಂಬಿತು. ಎಲ್ಲೋ ದೆಹಲಿಯಲ್ಲಿ ಕೂತು ನಿಯಮ ಬರೆದವರು ಮನೆಯವರ ಕೈಯನ್ನು ಇಷ್ಟಾದರೂ ನಂಬಿದ್ದಾರೆ. ಕೈ ಕಟ್ಟಿಹಾಕಿಕೊಂಡವರು ನಾವೇ.

ನನ್ನ ತಂಗಿ ಬ್ರಿಸ್ಬೇನ್‌ನಲ್ಲಿದ್ದಾಳೆ. ಅಲ್ಲಿ ಸ್ವಂತ ಮನೆಯ ಸ್ವಿಚ್ಚನ್ನೂ ಮನೆಯವರು ಬದಲಿಸುವ ಹಾಗಿಲ್ಲ, ಲೈಸೆನ್ಸ್ ಇದ್ದವರೇ ಬರಬೇಕು. ಅಲ್ಲಿ ಹಾಗೆ, ಅದು ಅವರ ಕಾನೂನು. ನಮ್ಮಲ್ಲಿ ಕಾನೂನಿಗಿಂತ ಮೊದಲು ಭಯ ಬಂದು ಕೂತಿದೆ. ಮಿಕ್ಸಿ ತಿರುಗಿಸಿ ನೋಡಿದರೆ ನಮ್ಮ ಸ್ಕ್ರೂ ಡ್ರೈವರ್ ಹಿಡಿಯದ ಸ್ಕ್ರೂ, ಮೇಲೊಂದು ಸ್ಟಿಕ್ಕರು, ಹರಿದರೆ ವಾರಂಟಿ ಇಲ್ಲ. 2022ರ ಡಿಸೆಂಬರಿನಲ್ಲಿ ಸರ್ಕಾರವೇ ರಿಪೇರಿ ಹಕ್ಕಿಗೆ ಅಂತ ಒಂದು ಪೋರ್ಟಲ್ ತೆರೆಯಿತು. ಒಳ್ಳೆಯದೇ. ಆದರೆ ಬಿಚ್ಚಿ ನೋಡುವ ಆಸೆಯೇ ಇಲ್ಲದ ಮನೆಯಲ್ಲಿ ಹಕ್ಕನ್ನು ಯಾರು ಬಳಸುತ್ತಾರೆ?

ಮಂಗಳವಾರ ಆ್ಯಪ್‌ನಿಂದ ಬರಬೇಕಾದವರು ಬರಲಿಲ್ಲ. ಬುಧವಾರ ಸ್ಲಾಟ್ ಸಿಗಲಿಲ್ಲ. ಗುರುವಾರ ಸಂಜೆ ಒಬ್ಬ ಹುಡುಗ ಬಂದ. ನಂಜನಗೂಡು ಕಡೆಯವನು, ಐಟಿಐ ಓದಿದ್ದಾನಂತೆ. ಒಳ್ಳೆ ಕೈ. ನಾನು ಪಕ್ಕದಲ್ಲೇ ನಿಂತಿದ್ದೆ. ಹಳೇ ವೈರಿನ ಕಪ್ಪಾದ ತುದಿ ಕತ್ತರಿಸಿ, ಎಳೆಗಳನ್ನು ಹೆಬ್ಬೆರಳಲ್ಲಿ ತಿರುಚಿ ಒಟ್ಟು ಮಾಡಿ, ಸ್ಕ್ರೂ ಕೆಳಗೆ ಒಂದು ಎಳೆಯೂ ಹೊರಗೆ ಉಳಿಯದ ಹಾಗೆ ಕೂರಿಸಿದ. ಅಪ್ಪ ನೋಡಿದ್ದರೆ ಮೆಚ್ಚುತ್ತಿದ್ದರು. ಲೈಟ್ ಹತ್ತಿತು. ಪದ್ಮಮ್ಮ ಕೈ ಮುಗಿದರು.

ಅದೇ ಬೋರ್ಡಿನಲ್ಲಿ ಮಿಕ್ಸಿ ಹಾಕುವ ಸಾಕೆಟ್ ಇದೆ. ಒಂದು ತೂತಿನ ಸುತ್ತ ಪ್ಲಾಸ್ಟಿಕ್ ಕರಗಿ ಕಂದು ಬಣ್ಣಕ್ಕೆ ತಿರುಗಿದೆ. ಒಳಗೆ ಲೂಸ್ ಕಾಂಟ್ಯಾಕ್ಟ್. ನಾನು ತೋರಿಸಿದೆ. ಅವನು ನನಗಿಂತ ಮೊದಲೇ ನೋಡಿದ್ದ.

“ಗೊತ್ತು ಮೇಡಂ. ಬುಕ್ಕಿಂಗ್‌ನಲ್ಲಿ ಒಂದು ಸ್ವಿಚ್ ಮಾತ್ರ ಇರೋದು. ನಾನು ಇದನ್ನ ಮುಟ್ಟಿ, ನಾಳೆ ಏನಾದ್ರೂ ಆದ್ರೆ ನನ್ನ ತಲೆ ಮೇಲೆ ಬರುತ್ತೆ. ಆ್ಯಪ್‌ನವರು ನನ್ನ ಐಡಿನೇ ಬಂದ್ ಮಾಡ್ತಾರೆ.”

ಬೇಜಾರಿನಿಂದಲೇ ಹೇಳಿದ. ಫೋಟೋ ತೆಗೆದ, ಒಟಿಪಿ ಕೇಳಿದ, ಹೊರಟ. ಬಾಗಿಲ ಹತ್ತಿರ ಹೋದವನು ವಾಪಸ್ ಬಂದು, ಜೇಬಿನಿಂದ ಟೇಪ್ ತೆಗೆದು ಆ ಸಾಕೆಟ್ ಮೇಲೆ ಅಡ್ಡಡ್ಡ ಎರಡು ಪಟ್ಟಿ ಅಂಟಿಸಿದ. “ಅಜ್ಜಿ, ಇದಕ್ಕೆ ಮಿಕ್ಸಿ ಹಾಕಬೇಡಿ” ಅಂದ. ಅವನಿಗೆ ಅಷ್ಟು ಮಾಡದೆ ಹೋಗಲು ಮನಸ್ಸು ಬರಲಿಲ್ಲ. ಅವನ ಮೇಲೆ ನನಗೆ ಒಂದು ಚೂರೂ ಕೋಪ ಇಲ್ಲ.

ಮಗನಿಗೆ ಭಯ, ಹುಡುಗನಿಗೆ ಭಯ, ಅವನ ಐಡಿ ಕೊಟ್ಟವರಿಗೂ ಭಯವೇ ಇರಬೇಕು. ಸೋಮವಾರ ನನಗೂ ಭಯವಾಯಿತು, ಅದಕ್ಕೇ ಡಬ್ಬ ಮುಚ್ಚಿದೆ. ಎಲ್ಲರೂ ಒಂದೇ ಪ್ರಶ್ನೆ ಕೇಳಿದೆವು. ಕತ್ತಲಲ್ಲಿ ಹೆಚ್ಚಿದವರು ಮಾತ್ರ ಪದ್ಮಮ್ಮ. ಬುಧವಾರ ಅವರ ಹೆಬ್ಬೆರಳಿಗೆ ಈಳಿಗೆ ತಾಗಿತು. ಮಗನಿಗೆ ಹೇಳಲಿಲ್ಲ ಅವರು. ಆ ಗಾಯಕ್ಕೆ ಯಾರು ಜವಾಬ್ದಾರಿ ಅಂತ ಯಾರೂ ಕೇಳಲಿಲ್ಲ.

ನಿನ್ನೆ ಶಿವರಾಂಪೇಟೆಗೆ ಹೋಗಿ ಐಎಸ್‌ಐ ಗುರುತು ಇರುವ ಸಾಕೆಟ್ ತಂದೆ. ಹಳೆಯದರದ್ದೇ ಅಳತೆ, ಅದೇ ಆಂಪಿಯರ್. ಪದ್ಮಮ್ಮನವರ ಮನೆಯಲ್ಲಿ ಇನ್ನೂ ಹಳೇ ಪಿಂಗಾಣಿ ಫ್ಯೂಸೇ ಇದೆ, ಅದನ್ನೂ ನೋಡಿಕೊಂಡು ಬಂದಿದ್ದೇನೆ. ಭಾನುವಾರ ಏಳು ಗಂಟೆಗೆ ಅವರ ಮಗ ಫೋನ್ ಮಾಡುತ್ತಾನೆ. ಅವನಿಗೆ ಗೊತ್ತಿಲ್ಲದ ಹಾಗೆ ಮಾಡುವುದು ನನಗೆ ಇಷ್ಟ ಇಲ್ಲ, ಅದು ಅವನ ಅಮ್ಮನ ಮನೆ. ನಾನೇ ಮಾತಾಡುತ್ತೇನೆ. ಮೇನ್ ಆಫ್ ಮಾಡಿ ಫ್ಯೂಸ್ ನನ್ನ ಹತ್ತಿರ ಇಟ್ಟುಕೊಂಡಿರುತ್ತೇನೆ, ಬೆಳಿಗ್ಗೆ ಹೋಗಿ ಮುಟ್ಟಿ ನೋಡುತ್ತೇನೆ ಅಂತ ಹೇಳುತ್ತೇನೆ. ಅವನು ಮತ್ತೆ ಅದೇ ಪ್ರಶ್ನೆ ಕೇಳಿದರೆ ಈ ಸಲ ಸುಮ್ಮನೆ ನಿಲ್ಲುವುದಿಲ್ಲ. ನಾನು ಕಣೋ, ನಾನು ಜವಾಬ್ದಾರಿ ಅನ್ನುತ್ತೇನೆ.